ಇಟಾಲಿಯನ್ ಅರ್ಥವಾಗುತ್ತದೆ, ಇಂಗ್ಲಿಷ್ ಕೂರುವುದಿಲ್ಲ: ಅನುವಾದದ ಕ್ಲಾಸಿಗೆ ಹೇಗೆ ಅಭ್ಯಾಸ ಮಾಡುವುದು?

ಹೇಮಾವತಿ_ತೀರ

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿನ ಒಂದು ಯೂನಿವರ್ಸಿಟಿಯಲ್ಲಿ ಇಟಾಲಿಯನ್ ಮತ್ತು ಇತಿಹಾಸ ಓದುತ್ತಿದ್ದೇನೆ. ಈಗ ಎರಡನೇ ವರ್ಷ. ಇಟಾಲಿಯನ್ ಶುರು ಮಾಡಿದ್ದೇ ಇಲ್ಲಿಗೆ ಬಂದ ಮೇಲೆ. ಮನೆಯಲ್ಲಿ ಕನ್ನಡ, ಶಾಲೆಯೆಲ್ಲ ಇಂಗ್ಲಿಷ್. ಮುಂದಿನ ವರ್ಷ ಇಟಲಿಗೆ ಹೋಗಿ ಓದಬೇಕು, ಅದು ಕೋರ್ಸಿನಲ್ಲೇ ಸೇರಿದೆ.

ವಾರಕ್ಕೊಂದು ಅನುವಾದದ ಕ್ಲಾಸ್ ಇರುತ್ತದೆ. ಒಂದು ಪುಟದಷ್ಟು ಇಟಾಲಿಯನ್ ಕೊಡುತ್ತಾರೆ. ಹೆಚ್ಚಾಗಿ ಪತ್ರಿಕೆಯದು, ಕೆಲವು ಸಲ ಕಥೆಯದು. ಅದನ್ನು ಇಂಗ್ಲಿಷಿಗೆ ತರಬೇಕು. ಪರೀಕ್ಷೆಯಲ್ಲಿ ಹಿಂದೆ ನೋಡಿರದ ಬರಹ ಬರುತ್ತದೆ, ಡಿಕ್ಷನರಿ ಇಟ್ಟುಕೊಳ್ಳುವ ಹಾಗಿಲ್ಲ. ಇಟಾಲಿಯನ್ ಓದಿದರೆ ನನಗೆ ವಿಷಯ ತಿಳಿಯುತ್ತದೆ. ಇಂಗ್ಲಿಷಿಗೆ ತಂದಾಗ ಮಾತ್ರ ಬಿಗಿಯಾಗಿಬಿಡುತ್ತದೆ. ಟೀಚರ್ ಮಾರ್ಜಿನ್ನಿನಲ್ಲಿ "ತೀರಾ ಲಿಟರಲ್" ಅಂತ ಬರೆಯುತ್ತಾರೆ. ಸ್ವಲ್ಪ ಸ್ವತಂತ್ರವಾಗಿ ಬರೆದರೆ "ಇದು ಮೂಲದಲ್ಲಿಲ್ಲ" ಅನ್ನುತ್ತಾರೆ. ಇವೆರಡರ ನಡುವೆ ಎಲ್ಲಿ ನಿಲ್ಲಬೇಕು?

ಉದಾಹರಣೆಗೆ ಈ ವಾಕ್ಯ ನೋಡಿ: "ಸೆಕೊಂದೊ ಕ್ವಾಂತೊ ಸಿ ಅಪ್ರೆಂದೆ ದಾ ಪಲಾತ್ಸೊ ಕೀಜಿ, ಇಲ್ ಪ್ರೊವ್ವೆದಿಮೆಂತೊ ಸರೆಬ್ಬೆ ಸ್ತಾತೊ ರಿನ್ವಿಯಾತೊ ದಿ ಕ್ವಿಂದಿಚಿ ಜೋರ್ನಿ." ನೀವಾದರೆ ಹೇಗೆ ಬರೆಯುತ್ತೀರಿ? ಯಾಕೆ ಹಾಗೆ ಅನ್ನುವುದನ್ನೂ ಹೇಳಿದರೆ ತುಂಬಾ ಉಪಕಾರ.

ಬೊಲೋನ್ಯ_ಕನ್ನಡಿಗ

ನಮಸ್ಕಾರ. ನಾನು ಬೊಲೋನ್ಯದಲ್ಲಿ ಮಾಸ್ಟರ್ಸ್ ಮಾಡುತ್ತಿದ್ದೇನೆ. ಅನುವಾದ ನನ್ನ ವಿಷಯ ಅಲ್ಲ, ಆದರೆ ದಿನಾ ಇಲ್ಲಿಯ ಸುದ್ದಿ ಓದುತ್ತೇನೆ. ಅಷ್ಟರ ಮಟ್ಟಿಗೆ ಹೇಳಬಲ್ಲೆ.

ಪಲಾತ್ಸೊ ಕೀಜಿ ಅಂದರೆ ರೋಮಿನಲ್ಲಿರುವ ಪ್ರಧಾನಿ ಕಚೇರಿ. ಇಟಲಿಯ ಪತ್ರಿಕೆಗಳು ಸರ್ಕಾರದ ಅಂಗಗಳನ್ನು ಕಟ್ಟಡದ ಹೆಸರಿನಿಂದಲೇ ಕರೆಯುತ್ತವೆ. ಕ್ವಿರಿನಾಲೆ ಅಂದರೆ ರಾಷ್ಟ್ರಪತಿ. ಫಾರ್ನೆಸೀನಾ ಅಂದರೆ ವಿದೇಶಾಂಗ ಸಚಿವಾಲಯ. ವಿಮಿನಾಲೆ ಗೃಹ ಸಚಿವಾಲಯ, ಮೊಂತೆಚಿತೋರಿಯೊ ಕೆಳಮನೆ, ಪಲಾತ್ಸೊ ಮದಾಮ ಸೆನೆಟ್. ನಮ್ಮ ಪತ್ರಿಕೆಗಳು ರಾಜ್ಯಪಾಲರು ಅನ್ನುವ ಬದಲು ರಾಜಭವನ ಅಂತ ಬರೆಯುತ್ತವಲ್ಲ, ಅದೇ ರೀತಿ. ಇಂಗ್ಲೆಂಡಿನ ಓದುಗರಿಗೆ ಡೌನಿಂಗ್ ಸ್ಟ್ರೀಟ್ ಅಂದರೆ ಸಾಕು, ಪಲಾತ್ಸೊ ಕೀಜಿ ಅಂದರೆ ಸಾಲದು. "ದ ಪ್ರೈಮ್ ಮಿನಿಸ್ಟರ್ಸ್ ಆಫೀಸ್" ಅಂತಲೇ ಬರೆಯಿರಿ. ಇದನ್ನು ಯಾರೂ "ಮೂಲದಲ್ಲಿಲ್ಲ" ಅನ್ನಲಾರರು. ಇಟಲಿಯ ಓದುಗರಿಗೆ ಆ ಹೆಸರಿನಲ್ಲಿ ಏನು ಕೇಳಿಸುತ್ತದೋ ಅದನ್ನೇ ಕೊಟ್ಟ ಹಾಗಾಯಿತು.

ಹಾಗೆಯೇ ಹೆಸರಿನ ಹಿಂದೆ "ದೊತ್ತೋರ್" ಅಂತ ಬಂದರೆ ಡಾಕ್ಟರ್ ಅಂತ ಬರೆಯುವ ಮೊದಲು ಯೋಚಿಸಿ. ಇಲ್ಲಿ ಡಿಗ್ರಿ ಮುಗಿಸಿದ ಯಾರನ್ನು ಬೇಕಾದರೂ ಹಾಗೆ ಕರೆಯಬಹುದು.

ಅಡಿಟಿಪ್ಪಣಿ

ಹೇಮಾವತಿ, ನಾನು ಬೆಂಗಳೂರಿನಲ್ಲಿ ಇಟಾಲಿಯನ್‌ನಿಂದ ಇಂಗ್ಲಿಷಿಗೆ ಅನುವಾದ ಮಾಡಿಯೇ ಜೀವನ ಮಾಡುವವಳು. ಯಂತ್ರಗಳ ಕೈಪಿಡಿ, ಒಪ್ಪಂದ, ಕೆಲವು ಸಲ ಪತ್ರಿಕೆಯ ಲೇಖನ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಸಾವಧಾನವಾಗಿ ಓದಿ.

ನಿಮ್ಮ ವಾಕ್ಯದಲ್ಲಿ ಜಾಸ್ತಿ ಕಷ್ಟ ಕೊಡುವುದು "ಸರೆಬ್ಬೆ ಸ್ತಾತೊ". ವ್ಯಾಕರಣದ ಪುಸ್ತಕ ಇದನ್ನು ಕೊಂದಿತ್ಸ್ಯೊನಾಲೆ ಅನ್ನುತ್ತದೆ. "ಹಾಗಾಗಿದ್ದರೆ ಹೀಗಾಗುತ್ತಿತ್ತು" ಅನ್ನುವಾಗ ಬರುವ ರೂಪ. ಅದನ್ನೇ ನಂಬಿದರೆ ಕೈ ತಾನಾಗಿ "ವುಡ್ ಹ್ಯಾವ್ ಬೀನ್ ಪೋಸ್ಟ್‌ಪೋನ್ಡ್" ಅಂತ ಬರೆಯುತ್ತದೆ. ಇಂಗ್ಲಿಷ್ ಓದುವವರಿಗೆ ಅದು "ಮುಂದೂಡುತ್ತಿದ್ದರು, ಆದರೆ ಮುಂದೂಡಲಿಲ್ಲ" ಅಂತ ಕೇಳಿಸುತ್ತದೆ. ಸುದ್ದಿಯೇ ತಿರುವುಮುರುವು. ಇಟಾಲಿಯನ್ ವರದಿಗಾರರು ಆ ರೂಪವನ್ನು ಬಳಸುವುದು ಬೇರೆ ಕಾರಣಕ್ಕೆ. ನನಗೆ ತಿಳಿದುಬಂದದ್ದು ಹೀಗೆ, ಖಾತ್ರಿ ನನ್ನದಲ್ಲ ಅನ್ನುವುದಕ್ಕೆ. ಕನ್ನಡದಲ್ಲಿ ಇದಕ್ಕೆ ಬೇರೆ ಪದವೇ ಬೇಡ. "ಮುಂದೂಡಿದ್ದಾರಂತೆ." ಅಷ್ಟೇ.

ಈ "ಅಂತೆ" ನಮ್ಮ ನಾಲಿಗೆಯಲ್ಲಿ ಯಾವಾಗಲೂ ಇದೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಅದಿಲ್ಲ. ಅಲ್ಲಿ ಹೊರಗಿನಿಂದ ಪದ ತರಬೇಕು. ರಿಪೋರ್ಟೆಡ್ಲಿ, ಈಸ್ ಸೆಡ್ ಟು, ಅಪರಾಧದ ಸುದ್ದಿಯಾದರೆ ಅಲೆಜೆಡ್ಲಿ. ಇನ್ನು ನಿಮ್ಮ ವಾಕ್ಯದಲ್ಲಿ ಈ ಎಚ್ಚರಿಕೆ ಎರಡು ಕಡೆ ಇದೆ. ಶುರುವಿನಲ್ಲಿ "ಸೆಕೊಂದೊ ಕ್ವಾಂತೊ ಸಿ ಅಪ್ರೆಂದೆ", ಅಂದರೆ ತಿಳಿದುಬಂದ ಪ್ರಕಾರ. ಆಮೇಲೆ ಮತ್ತೆ "ಸರೆಬ್ಬೆ". ಇಟಾಲಿಯನ್‌ನಲ್ಲಿ ಎರಡೂ ಜೊತೆಗೆ ಬರುವುದು ಸಹಜ. ಕನ್ನಡದಲ್ಲೂ "ಮೂಲಗಳ ಪ್ರಕಾರ ಮುಂದೂಡಿದ್ದಾರಂತೆ" ಅಂದರೆ ಕಿವಿಗೆ ಏನೂ ಅನ್ನಿಸುವುದಿಲ್ಲ. ಇಂಗ್ಲಿಷಿನಲ್ಲಿ ಒಂದು ಸಾಕು. ಎರಡು ಹಾಕಿದರೆ ಬರೆದವರಿಗೆ ಸುದ್ದಿಯ ಮೇಲೆ ಅನುಮಾನ ಇದೆ ಅನ್ನಿಸುತ್ತದೆ.

ನಾನಾದರೆ ಹೀಗೆ ಬರೆಯುತ್ತೇನೆ: "ದ ಮೆಷರ್ ಹ್ಯಾಸ್ ಬೀನ್ ಪುಟ್ ಬ್ಯಾಕ್ ಬೈ ಎ ಫೋರ್ಟ್‌ನೈಟ್, ಅಕಾರ್ಡಿಂಗ್ ಟು ದ ಪ್ರೈಮ್ ಮಿನಿಸ್ಟರ್ಸ್ ಆಫೀಸ್." ಫೋರ್ಟ್‌ನೈಟ್ ಯಾಕೆ ಗೊತ್ತಾ? ಇಟಲಿಯವರು ಎರಡು ವಾರಕ್ಕೆ ಹದಿನೈದು ದಿನ ಅನ್ನುತ್ತಾರೆ, ಥೇಟ್ ನಮ್ಮ ಹಾಗೆ. ಒಂದು ವಾರ ಅನ್ನಲು ಎಂಟು ದಿನ ಅನ್ನುವುದೂ ಅಲ್ಲಿದೆ. "ಒಜ್ಜಿ ಆ ಒತ್ತೊ" ಅಂದರೆ ಇವತ್ತಿಗೆ ಎಂಟು ದಿನಕ್ಕೆ. ಇಂಗ್ಲಿಷಿನಲ್ಲಿ ಫಿಫ್ಟೀನ್ ಡೇಸ್ ಅಂದರೆ ಲೆಕ್ಕ ಹಾಕಿದ ಹದಿನೈದು ದಿನ ಆಗಿಬಿಡುತ್ತದೆ. ಒಪ್ಪಂದದಲ್ಲೋ ಕೋರ್ಟಿನ ಕಾಗದದಲ್ಲೋ ಬಂದರೆ ಹದಿನೈದನ್ನು ಹದಿನೈದಾಗಿಯೇ ಇಡಬೇಕು, ಅಲ್ಲಿ ದಿನದ ಲೆಕ್ಕವೇ ಮುಖ್ಯ. ಸುದ್ದಿಯಲ್ಲಿ ಹಾಗಲ್ಲ.

ಈಗ ನಾನು ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ನೀವು ಕನ್ನಡವನ್ನು ಮನೆಯಲ್ಲಿ ಬಿಟ್ಟು ಕ್ಲಾಸಿಗೆ ಹೋಗುತ್ತಿದ್ದೀರಿ ಅಂತ ಕಾಣುತ್ತದೆ. ತೆಗೆದುಕೊಂಡು ಹೋಗಿ. ಇಟಾಲಿಯನ್ ವಾಕ್ಯದ ಒಳಗೆ ಏನು ನಡೆಯುತ್ತಿದೆ ಅಂತ ತಿಳಿಯಲು ಎಷ್ಟೋ ಕಡೆ ಇಂಗ್ಲಿಷಿಗಿಂತ ಕನ್ನಡವೇ ಬೇಗ ನೆರವಾಗುತ್ತದೆ.

"ಸ್ತೂದಿಯೊ ಇತಾಲಿಯಾನೊ ದಾ ದೂಯೆ ಆನ್ನಿ" ತೆಗೆದುಕೊಳ್ಳಿ. ಕ್ರಿಯಾಪದ ವರ್ತಮಾನ ಕಾಲದ್ದು. ಎರಡು ವರ್ಷದಿಂದ ಇಟಾಲಿಯನ್ ಓದುತ್ತಿದ್ದೇನೆ. "ದಾ" ನಮ್ಮ "ಇಂದ". ಕಾಲವೂ ನಮ್ಮದೇ. ಇಂಗ್ಲಿಷ್ ಮಾತ್ರ "ಹ್ಯಾವ್ ಬೀನ್ ಸ್ಟಡಿಯಿಂಗ್" ಅಂತ ಸುತ್ತಿಕೊಂಡು ಬರುತ್ತದೆ. "ಮಿ ಪ್ಯಾಚ್ಚೊನೊ ಇ ಲಿಬ್ರಿ" ಅಂದರೆ ನನಗೆ ಪುಸ್ತಕಗಳು ಇಷ್ಟ. ಇಷ್ಟಪಡುವವರು "ನನಗೆ" ಆಗಿ ಬರುವುದು ನಮಗೆ ಹೊಸದಲ್ಲ. ಇಂಗ್ಲಿಷ್ ಮಾತ್ರ ಬಲ್ಲ ಸಹಪಾಠಿಗಳಿಗೆ ಅದು ತಲೆಕೆಳಗಾಗಿ ಕಾಣುತ್ತದೆ. "ಫಾಚ್ಚೊ ರಿಪರಾರೆ ಲಾ ಮಾಕ್ಕಿನ" ಅಂದರೆ ಕಾರು ರಿಪೇರಿ ಮಾಡಿಸುತ್ತೇನೆ. ಆ "ಇಸು" ಕಿವಿಗೆ ಬಿದ್ದರೆ "ಐ ಆಮ್ ಗೆಟಿಂಗ್ ದ ಕಾರ್ ಫಿಕ್ಸ್ಡ್" ಸಲೀಸಾಗಿ ಬರುತ್ತದೆ. "ಐ ಮೇಕ್ ರಿಪೇರ್ ದ ಕಾರ್" ಅಂತ ಎಂದೂ ಬರೆಯುವುದಿಲ್ಲ.

"ಸರಾನ್ನೊ ಲೆ ಒತ್ತೊ" ಭವಿಷ್ಯತ್ ಕಾಲ. ಆದರೆ ಅದು ನಾಳೆಯ ಮಾತಲ್ಲ. ಗಂಟೆ ಎಂಟಾಗಿರಬಹುದು, ಎಂಟಾದೀತು. ಬಂದಾನು, ಆದೀತು ಅನ್ನುವ ನಮ್ಮ ರೂಪದ ಕೆಲಸವನ್ನು ಇಟಾಲಿಯನ್ ತನ್ನ ಭವಿಷ್ಯತ್ತಿಗೆ ಕೊಟ್ಟಿದೆ. ಇಂಗ್ಲಿಷಿಗೆ "ಇಟ್ ಮಸ್ಟ್ ಬಿ ಅಬೌಟ್ ಏಯ್ಟ್". ಇನ್ನು "ಲಾ ಸ್ಕ್ರಿತ್ತೊ ಮರೀಯ". ಕರ್ತೃ ಕೊನೆಗೆ ಬಂದಿದೆ. ಸುಮ್ನೆ ಬಂದಿಲ್ಲ. ಒತ್ತು ಅಲ್ಲಿದೆ. ಇದನ್ನು ಬರೆದದ್ದು ಮರೀಯ. "ಮರೀಯ ರೋಟ್ ಇಟ್" ಅಂತ ಬರೆದರೆ ಪದ ಸರಿ, ಒತ್ತು ಹೋಯಿತು. "ಇಟ್ ವಾಸ್ ಮರೀಯ ಹೂ ರೋಟ್ ಇಟ್" ಅನ್ನಬೇಕು.

ಹಾಗಂತ ಕನ್ನಡ ಎಲ್ಲ ಕಡೆಯೂ ಕೈ ಹಿಡಿಯುವುದಿಲ್ಲ. ಆರ್ಟಿಕಲ್ ವಿಷಯದಲ್ಲಿ ನಮಗೆ ಏನೂ ಸಹಾಯವಿಲ್ಲ. ಇಟಲಿಯವರು ಎಲ್ಲದಕ್ಕೂ "ದ" ಹಾಕುತ್ತಾರೆ. "ಲ್ಯಿ ಇತಾಲಿಯಾನಿ ಆಮನೊ ಇಲ್ ಕಾಫ್ಫೆ" ಅನ್ನುವುದು ಇಂಗ್ಲಿಷಿನಲ್ಲಿ "ಇಟಾಲಿಯನ್ಸ್ ಲವ್ ಕಾಫಿ" ಅಷ್ಟೇ. ಇದನ್ನು ಕೊನೆಗೆ ಒಂದು ಸಲ ಬೇರೆಯಾಗಿ ಕೂತು ನೋಡಬೇಕು. ಪ್ರತಿ "ದ" ಬೇಕೇ ಬೇಡವೇ ಅಂತ.

ಜೀರಿಗೆಮೆಣಸು

ಅಡಿಟಿಪ್ಪಣಿ ಮೇಡಂ, ಓದಲು ಚೆನ್ನಾಗಿದೆ. ಆದರೆ ಒಪ್ಪಲು ಕಷ್ಟ. ಪರೀಕ್ಷೆಯಲ್ಲಿ ಇಟಾಲಿಯನ್‌ನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಅಂತ ಎರಡು ಸಲ ದಾಟಲು ಸಮಯ ಎಲ್ಲಿದೆ? ದಾಟುವಾಗೆಲ್ಲ ಸ್ವಲ್ಪ ಸೋರುತ್ತದೆ ಅಲ್ವಾ? ನಾನು ಜರ್ಮನ್ ಕಲಿತಾಗ ನೇರವಾಗಿ ಆ ಭಾಷೆಯಲ್ಲೇ ಯೋಚಿಸಲು ಹೇಳಿಕೊಟ್ಟಿದ್ದರು. ಅದೇ ಸರಿ ಅಂತ ನನ್ನ ಅನುಭವ.

ಇನ್ನೊಂದು ಮಾತು. ಈಗ ಡೀಪ್‌ಎಲ್ ಅನ್ನುವ ಅನುವಾದ ಯಂತ್ರ ಇದೆ. ಒಂದು ಪುಟವನ್ನು ಕ್ಷಣದಲ್ಲಿ ಒಳ್ಳೆಯ ಇಂಗ್ಲಿಷಿಗೆ ತಂದು ಕೊಡುತ್ತದೆ. ಅದನ್ನು ಓದಿ ಓದಿ ಇಂಗ್ಲಿಷಿನ ಹದ ಕಲಿಯಬಹುದು. ಕೈಯಲ್ಲಿ ಒದ್ದಾಡುವುದು ಯಾಕೆ?

ಅಡಿಟಿಪ್ಪಣಿ

ನಿಮ್ಮ ಮೊದಲ ಪ್ರಶ್ನೆ ನ್ಯಾಯವಾದದ್ದು. ಕನ್ನಡದಲ್ಲಿ ಬರೆಯಿರಿ ಅಂತ ನಾನು ಹೇಳುತ್ತಿಲ್ಲ. ಇಡೀ ಪುಟವನ್ನು ಮನಸ್ಸಿನಲ್ಲಿ ಕನ್ನಡ ಮಾಡಿ ಅಂತಲೂ ಅಲ್ಲ. ಒಂದು ವಾಕ್ಯ ತಿಳಿದ ಹಾಗಿದೆ, ಆದರೆ ಇಂಗ್ಲಿಷ್ ಬರುತ್ತಿಲ್ಲ ಅನ್ನುವ ಕಡೆ ಮಾತ್ರ. ಅಲ್ಲಿ ನಿಂತು, ಇದನ್ನು ಮನೆಯಲ್ಲಿ ಅಮ್ಮನಿಗೆ ಹೇಗೆ ಹೇಳುತ್ತಿದ್ದೆ ಅಂತ ಕೇಳಿಕೊಳ್ಳಿ. ಬಾಯಲ್ಲಿ "ಅಂತೆ" ಬಂತೋ, "ಮಾಡಿಸಿದ" ಬಂತೋ, "ಬರೆದದ್ದು ಅವಳೇ" ಅಂತ ಬಂತೋ ಗಮನಿಸಿ. ವಾಕ್ಯದ ಹುರುಳು ಅಲ್ಲಿದೆ. ಅದಕ್ಕೆ ಹಿಡಿಯುವುದು ಕೆಲವೇ ಕ್ಷಣ. ಪದಗಳು ಅಲ್ಲಿಂದ ಬರಬೇಕಾಗಿಲ್ಲ, ಹುರುಳು ಗೊತ್ತಾದರೆ ಸಾಕು. ಆಗ ಇಟಾಲಿಯನ್ ಪದಗಳ ಹಿಡಿತ ತಾನೇ ಸಡಿಲವಾಗುತ್ತದೆ. "ತೀರಾ ಲಿಟರಲ್" ಆಗುವುದು ಕಣ್ಣು ಆ ಪದಗಳ ಮೇಲೆಯೇ ನೆಟ್ಟಿರುವುದರಿಂದ.

ಯಂತ್ರದ ವಿಷಯ. ನಮ್ಮ ಕೆಲಸದಲ್ಲಿ ಅದು ಬಂದಾಗಿದೆ. ಏಜೆನ್ಸಿಗಳು ಯಂತ್ರ ಮಾಡಿದ ಕರಡನ್ನೇ ಕಳಿಸಿ, ತಿದ್ದಿ ಕೊಡಿ ಅನ್ನುತ್ತವೆ. ಅದಕ್ಕೆ ಹಣವೂ ಕಡಿಮೆ. ತಿದ್ದಲು ಏನು ಬೇಕು ಹೇಳಿ? ಎಲ್ಲಿ ತಪ್ಪಿದೆ ಅಂತ ಕಾಣಬೇಕು. ತಾನೇ ಕೂತು ಒದ್ದಾಡಿದವರಿಗೆ ಮಾತ್ರ ಅದು ಕಾಣುತ್ತದೆ. ಯಂತ್ರದ ಇಂಗ್ಲಿಷ್ ನುಣುಪಾಗಿರುವುದರಿಂದ ತಪ್ಪು ಅಡಗಿಕೊಳ್ಳುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಇಟಾಲಿಯನ್‌ನಲ್ಲಿ "ಸೂವೊ", "ಸೂವಾ" ಅನ್ನುವುದು ಯಾರದ್ದು ಅನ್ನುವುದನ್ನು ಹೇಳುವುದಿಲ್ಲ. ವಸ್ತುವಿನ ಲಿಂಗವನ್ನು ಹೇಳುತ್ತದೆ. "ಆ ಪ್ರೇಸೊ ಲಾ ಸೂವಾ ಬೋರ್ಸ" ಅಂದರೆ ಚೀಲ ತೆಗೆದುಕೊಂಡರು, ಅಷ್ಟೇ. ತೆಗೆದುಕೊಂಡವನೋ ತೆಗೆದುಕೊಂಡವಳೋ ಗೊತ್ತಿಲ್ಲ. ಚೀಲ ಅವನದೋ ಅವಳದೋ ಅದೂ ಗೊತ್ತಿಲ್ಲ. "ಸೂವಾ" ಹೆಣ್ಣಾಗಿರುವುದು ಚೀಲ ಹೆಣ್ಣಾದ್ದರಿಂದ. ಕನ್ನಡವೂ ಇಂಗ್ಲಿಷೂ ಸಾಮಾನ್ಯವಾಗಿ ಅವನ, ಅವಳ ಅಂತ ಹೇಳಬೇಕಾಗುತ್ತದೆ. ಉತ್ತರ ಮೂರು ಪ್ಯಾರಾ ಹಿಂದೆ ಎಲ್ಲೋ ಇರುತ್ತದೆ. ಒಂಟಿ ವಾಕ್ಯ ಕೊಟ್ಟರೆ ಯಂತ್ರ ಊಹೆ ಮಾಡುತ್ತದೆ, ಊಹಿಸಿದ್ದೇನೆ ಅಂತ ಹೇಳುವುದೂ ಇಲ್ಲ. ವ್ಯಕ್ತಿಗಳನ್ನು ಹೇಳುವ ಕೆಲವು ಪದಗಳಲ್ಲೂ ಇದೇ ತೊಂದರೆ. "ಲಾ ವಿತ್ತಿಮ", ಅಂದರೆ ಬಲಿಯಾದವರು, ವ್ಯಾಕರಣಕ್ಕೆ ಹೆಣ್ಣು. ಸತ್ತವರು ಗಂಡಸಾದರೂ ಕ್ರಿಯಾಪದದ ಕೊನೆ ಹೆಣ್ಣೇ. ಅಪಘಾತದ ವರದಿಯಲ್ಲಿ ಇದನ್ನು ನೋಡದೆ "ಶೀ" ಅಂತ ಬರೆದರೆ ಸತ್ತವರು ಯಾರು ಅನ್ನುವುದೇ ತಪ್ಪಿಹೋಯಿತು.

ಹಾಗಾಗಿ ಹೇಮಾವತಿ, ಯಂತ್ರವನ್ನು ನೋಡಿ. ನಿಮ್ಮದು ಬರೆದು ಮುಗಿದ ಮೇಲೆ ನೋಡಿ. ಅದಕ್ಕೂ ಮೊದಲು ನಿಮ್ಮ ಕ್ಲಾಸಿನಲ್ಲಿ ಅದಕ್ಕೆ ಅನುಮತಿ ಇದೆಯೇ ಅಂತ ಕೇಳಿ.

ಪಾಠದಮನೆ

ನಾನು ಇಂಗ್ಲೆಂಡಿನಲ್ಲಿ ಬಹಳ ವರ್ಷ ಫ್ರೆಂಚ್ ಕಲಿಸಿದವಳು. ಇಟಾಲಿಯನ್ ಅಲ್ಲ, ಆದರೆ ಈ ತರಹದ ಉತ್ತರಪತ್ರಿಕೆಗಳನ್ನು ಕಟ್ಟುಗಟ್ಟಲೆ ತಿದ್ದಿದ್ದೇನೆ. ತಿದ್ದುವವರ ಕಡೆಯಿಂದ ಒಂದೆರಡು ಮಾತು.

ಮಗೂ, "ತೀರಾ ಲಿಟರಲ್" ಮತ್ತು "ಮೂಲದಲ್ಲಿಲ್ಲ" ಇವೆರಡೂ ಒಂದೇ ಗೆರೆಯ ಎರಡು ತುದಿ ಅಂತ ನೀನು ಅಂದುಕೊಂಡಿದ್ದೀಯ. ನಡುವೆ ಎಲ್ಲೋ ನಿಂತರೆ ಸರಿಹೋಗುತ್ತದೆ ಅಂತ. ಹಾಗಲ್ಲ. ಮೊದಲನೆಯದು ವಾಕ್ಯದ ರೂಪದ ಬಗ್ಗೆ. ಎರಡನೆಯದು ಮಾಹಿತಿಯ ಬಗ್ಗೆ. ರೂಪವನ್ನು ಎಷ್ಟು ಬೇಕಾದರೂ ಬದಲಾಯಿಸು. ನಾಮಪದವನ್ನು ಕ್ರಿಯಾಪದ ಮಾಡು, ಒಂದು ವಾಕ್ಯವನ್ನು ಎರಡು ಮಾಡು, ಹಿಂದಿನದನ್ನು ಮುಂದೆ ತಾ. ಯಾರೂ ಮಾರ್ಕ್ಸ್ ಕಳೆಯುವುದಿಲ್ಲ. ಮಾಹಿತಿಯನ್ನು ಮಾತ್ರ ಸೇರಿಸಬೇಡ, ಬಿಡಬೇಡ. ಮೂಲದಲ್ಲಿ "ಬಹುಶಃ" ಇದ್ದರೆ ನಿನ್ನದರಲ್ಲೂ ಎಲ್ಲೋ ಇರಬೇಕು. ಎಲ್ಲಿ ಅನ್ನುವುದು ನಿನ್ನಿಷ್ಟ.

ಅಭ್ಯಾಸಕ್ಕೆ ಒಂದು ಒಳ್ಳೆಯ ಬರಹ ಹೇಳುತ್ತೇನೆ. ಇಟಲಿಯ ಸಂವಿಧಾನ. ಹೆದರಬೇಡ, ಅದು ಸರಳ ಇಟಾಲಿಯನ್‌ನಲ್ಲೇ ಇದೆ. 1948ರ ಜನವರಿ 1ರಂದು ಜಾರಿಗೆ ಬಂತು. ಎಲ್ಲರಿಗೂ ಅರ್ಥವಾಗಲಿ ಅಂತ ಬರೆದದ್ದು. ಒಟ್ಟು 139 ವಿಧಿ, ಹೆಚ್ಚಿನವು ಚಿಕ್ಕವು. ಇದರ ಇಂಗ್ಲಿಷ್ ಅನುವಾದವನ್ನು ಇಟಲಿಯ ಸೆನೆಟ್ಟೇ ತನ್ನ ವೆಬ್‌ಸೈಟಿನಲ್ಲಿ ಇಟ್ಟಿದೆ. ಮೊದಲು ನೀನು ಮಾಡು, ಆಮೇಲೆ ಅವರದನ್ನು ತೆಗೆದು ನೋಡು.

ಮೊದಲ ವಿಧಿಯಲ್ಲೇ ಎಷ್ಟಿದೆ ನೋಡು. ಸಾರ್ವಭೌಮತ್ವ ಜನರದ್ದು, ಅವರು ಅದನ್ನು ಸಂವಿಧಾನದ ರೀತಿ ಮತ್ತು ಮಿತಿಗಳಲ್ಲಿ ಚಲಾಯಿಸುತ್ತಾರೆ ಅಂತ ಇಟಾಲಿಯನ್ ಹೇಳುತ್ತದೆ. "ಕೆ ಲಾ ಎಸೆರ್ಚಿತಾ", ಅಂದರೆ ಚಲಾಯಿಸುವವರು ಜನರೇ, ಕ್ರಿಯಾಪದ ಕರ್ತರಿಯಲ್ಲಿದೆ. ಸೆನೆಟ್ಟಿನ ಇಂಗ್ಲಿಷಿನಲ್ಲಿ ಅದು "ಈಸ್ ಎಕ್ಸರ್‌ಸೈಸ್ಡ್ ಬೈ ದ ಪೀಪಲ್" ಅಂತ ಕರ್ಮಣಿಗೆ ತಿರುಗಿದೆ. ಯಾಕೆ? "ದ ಪೀಪಲ್ ಹೂ ಎಕ್ಸರ್‌ಸೈಸ್ ಇಟ್" ಅಂತ ಬರೆದಿದ್ದರೆ ಚಲಾಯಿಸುವ ಕೆಲವು ಜನರು ಅನ್ನುವ ಅರ್ಥಕ್ಕೆ ಎಡೆ ಸಿಗುತ್ತಿತ್ತು. ಹಾಗೆ ಆಗದ ಹಾಗೆ ರೂಪ ಬದಲಾಯಿಸಿದ್ದಾರೆ. ಮಾಹಿತಿ ಒಂದು ಕೂದಲೆಳೆಯೂ ಕದಲಿಲ್ಲ. ನಿನ್ನ ಟೀಚರ್ ಕೇಳುತ್ತಿರುವುದು ಇದನ್ನೇ.

ಅದೇ ವಿಧಿಯಲ್ಲಿ ಗಣರಾಜ್ಯ "ಫೊಂದಾತಾ ಸುಲ್ ಲವೋರೊ" ಅಂತಿದೆ, ಅಂದರೆ ದುಡಿಮೆಯ ಮೇಲೆ ನಿಂತದ್ದು. ಸೆನೆಟ್ ಲೇಬರ್ ಅಂದಿದೆ. ವರ್ಕ್ ಅನ್ನಬಹುದಿತ್ತೇ? ನೀನು ಇತಿಹಾಸ ಓದುವವಳು, ಸಂವಿಧಾನ ಸಭೆಯ ಚರ್ಚೆ ತೆಗೆದು ನೋಡು. 1947ರಲ್ಲಿ ಎಡಪಕ್ಷಗಳು "ಕಾರ್ಮಿಕರ ಗಣರಾಜ್ಯ" ಅಂತ ಇರಲಿ ಎಂದವು. ಅದು ಬಿದ್ದುಹೋಗಿ ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಕ್ಷದ ಫನ್ಫಾನಿ ಮತ್ತವರ ಜೊತೆಯವರು ತಂದ ಈ ಮಾತು ಉಳಿಯಿತು. ಅದು ಗೊತ್ತಿದ್ದರೆ ಎರಡು ಪದಗಳಲ್ಲಿ ಒಂದನ್ನು ಆರಿಸಲು ನಿನ್ನ ಹತ್ತಿರ ಕಾರಣ ಇರುತ್ತದೆ. ಕಾರಣ ಹೇಳಬಲ್ಲ ವಿದ್ಯಾರ್ಥಿ ಯಾವ ಪದ ಆರಿಸಿದರೂ ನನಗೆ ಖುಷಿ.

ಬೊಲೋನ್ಯ_ಕನ್ನಡಿಗ

ಎರಡು ಭಾಷೆ ಅಕ್ಕಪಕ್ಕ ಇಟ್ಟು ಓದಲು ಯುರೋಪಿಯನ್ ಯೂನಿಯನ್ನಿನ ಯೂರ್‌ಲೆಕ್ಸ್ ಸೈಟ್ ಕೂಡ ಇದೆ. ಕಾನೂನಿನ ಪಠ್ಯಗಳನ್ನು ಒಂದೇ ಪರದೆಯಲ್ಲಿ ಮೂರು ಭಾಷೆಯವರೆಗೆ ಸಾಲಾಗಿ ತೋರಿಸುತ್ತದೆ.

ಪಾಠದಮನೆ

ಇದೆ, ಒಳ್ಳೆಯದೇ. ಒಂದು ಎಚ್ಚರ ಇರಲಿ. ಅಲ್ಲಿಯ ಇಟಾಲಿಯನ್ ಎಷ್ಟೋ ಸಲ ತಾನೇ ಅನುವಾದ. ಕರಡು ಹುಟ್ಟಿದ್ದು ಇಂಗ್ಲಿಷಿನಲ್ಲಿರುತ್ತದೆ. ಕಾನೂನಿನ ಪದ ಹುಡುಕಲು ಸರಿ. ಇಟಾಲಿಯನ್ ವಾಕ್ಯದ ನಡಿಗೆ ಕಲಿಯಲು ಇಟಲಿಯವರು ಇಟಲಿಯವರಿಗಾಗಿ ಬರೆದದ್ದನ್ನೇ ಓದಬೇಕು. ಕೊರಿಯೆರೆ ದೆಲ್ಲಾ ಸೇರಾ ಪತ್ರಿಕೆ 1876ರಿಂದ ಬರುತ್ತಿದೆ, ಅದರ ಸಂಪಾದಕೀಯಗಳ ವಾಕ್ಯ ಉದ್ದ, ಗಂಟು ಜಾಸ್ತಿ. ಶುರುವಿಗೆ ಇಲ್ ಪೋಸ್ಟ್ ಅನ್ನುವ ಆನ್‌ಲೈನ್ ಪತ್ರಿಕೆ ಓದು. ವಿಷಯವನ್ನು ಬಿಡಿಸಿ ಹೇಳುವ ಗದ್ಯ ಅದು.

ತೊರಿನೊ_ಹುಡುಗ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾನು ತೊರಿನೊದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ, ಪಾಠ ಇಂಗ್ಲಿಷಿನಲ್ಲೇ. ಆದರೂ ಮನೆ ಬಾಡಿಗೆ ಕರಾರು, ವಾಸದ ಪರವಾನಗಿ, ತೆರಿಗೆ ಕೋಡ್, ಎಲ್ಲ ಕಾಗದವೂ ಇಟಾಲಿಯನ್‌ನಲ್ಲೇ. ಊರಿನ ಬ್ಯಾಂಕಿಗೆ ಕೊಡಲು ಒಂದು ಘೋಷಣಾ ಪತ್ರವನ್ನು ಇಂಗ್ಲಿಷಿಗೆ ತರಬೇಕಾಗಿದೆ. "ಇಲ್ ಸೊತ್ತೊಸ್ಕ್ರಿತ್ತೊ" ಅಂತ ಶುರುವಾಗಿ, ಪ್ಯಾರಾ ಪೂರ್ತಿ ಒಂದೇ ವಾಕ್ಯ. ಕ್ರಿಯಾಪದ ಎಲ್ಲಿದೆ ಅಂತಲೇ ಸಿಗುತ್ತಿಲ್ಲ.

ಅಡಿಟಿಪ್ಪಣಿ

"ಕೆಳಗೆ ಸಹಿ ಮಾಡಿರುವ ನಾನು" ಅಂತ ನಮ್ಮ ತಾಲೂಕು ಕಚೇರಿಯ ಕಾಗದ ಶುರುವಾಗುವುದಿಲ್ಲವೇ, ಅದೇ ಇದು. ಇಂಗ್ಲಿಷಿನಲ್ಲಿ "ಐ, ದ ಅಂಡರ್‌ಸೈನ್ಡ್". ಮೂಲ ಪ್ರಥಮ ಪುರುಷದಲ್ಲಿ ಹೋಗುತ್ತದೆ, "ಘೋಷಿಸುತ್ತಾನೆ" ಅಂತ. ಇಂಗ್ಲಿಷಿನಲ್ಲಿ ಕೊನೆಯವರೆಗೂ "ಐ" ಇಟ್ಟುಕೊಳ್ಳಿ. ಹುಟ್ಟಿದ ಊರು, ವಿಳಾಸ, ಪಾಸ್‌ಪೋರ್ಟ್ ನಂಬರ್ ಎಲ್ಲ ದಾಟಿದ ಮೇಲೆ ದೊಡ್ಡ ಅಕ್ಷರದಲ್ಲಿ "ದಿಕ್ಯಾರ" ಅಂತ ಇರುತ್ತದೆ ನೋಡಿ. ಅದೇ ನಿಮ್ಮ ಕ್ರಿಯಾಪದ. ಅಂಕಿಗಳನ್ನು ಗಮನಿಸಿ. ಇಟಲಿಯಲ್ಲಿ ಸಾವಿರಕ್ಕೆ ಚುಕ್ಕಿ, ದಶಾಂಶಕ್ಕೆ ಕಾಮಾ. 1.500,50 ಅಂತ ಇದ್ದರೆ ಒಂದೂವರೆ ಸಾವಿರದ ಮೇಲೆ ಐವತ್ತು ಸೆಂಟ್. ಹಾಗೆಯೇ ಎತ್ತಿ ಬರೆದರೆ ಇಲ್ಲಿಯ ಬ್ಯಾಂಕಿನವರು ಒಂದೂವರೆ ಅಂತ ಓದಿಯಾರು. ಬ್ಯಾಂಕಿಗೆ ಪ್ರಮಾಣಿತ ಅನುವಾದ ಬೇಕೇ ಅಂತ ಮೊದಲು ಕೇಳಿ. ಬೇಕಾದರೆ ನೀವೇ ಮಾಡಿದ್ದನ್ನು ಒಪ್ಪುವುದಿಲ್ಲ.

ಹೇಮಾವತಿ_ತೀರ

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ರೂಪ ಬೇರೆ, ಮಾಹಿತಿ ಬೇರೆ ಅನ್ನುವ ಮಾತು ನನಗೆ ತುಂಬಾ ಸಹಾಯ ಮಾಡಿತು. ಮೇಡಂ, "ಅಂತೆ" ವಿಷಯವನ್ನು ಕ್ಲಾಸಿನಲ್ಲಿ ಹೇಳಿದೆ. ಟೀಚರ್ ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆಸಿದರು. ಟರ್ಕಿಶ್ ಮಾತಾಡುವ ಹುಡುಗಿಯೊಬ್ಬಳು ತಮ್ಮಲ್ಲೂ ಕ್ರಿಯಾಪದದ ಕೊನೆಗೆ ಹೀಗೇ ಒಂದು ಬರುತ್ತದೆ ಅಂದಳು. ಆಮೇಲೆ ಇಂಗ್ಲಿಷಿಗೆ ಮಾತ್ರ ಯಾಕಿಲ್ಲ ಅಂತ ಚರ್ಚೆ ಶುರುವಾಯಿತು.

ಎರಡು ಪ್ರಶ್ನೆ ಉಳಿದಿವೆ. ಪರೀಕ್ಷೆಯಲ್ಲಿ ಗೊತ್ತಿಲ್ಲದ ಪದ ಬಂದರೆ ಏನು ಮಾಡಬೇಕು? ಮತ್ತೆ, ಮುಂದಿನ ವಾರದ ಬರಹ ಇತಿಹಾಸದ್ದು. ಅದರ ಮೊದಲ ವಾಕ್ಯ: "ಆಲ್ಯಿ ಇನೀತ್ಸಿ ದೆಲ್ ನೊವೆಚೆಂತೊ ಲೆಮಿಗ್ರಾತ್ಸ್ಯೋನೆ ಸ್ವುವೋತ ಇಂತೇರಿ ಪಯೇಸಿ ದೆಲ್ ಮೆದ್ಸೊಜೋರ್ನೊ."

ಪಾಠದಮನೆ

ಮೊದಲ ಪ್ರಶ್ನೆಗೆ ನಾನು ಹೇಳುತ್ತೇನೆ. ಖಾಲಿ ಬಿಡಬೇಡ. ಎರಡು ಪದ ಬರೆದು ನಡುವೆ ಗೆರೆ ಹಾಕಿಯೂ ಕೊಡಬೇಡ. ಆಯ್ಕೆ ಮಾಡುವುದೇ ಪರೀಕ್ಷೆ. ಅದು ನಾಮಪದವೋ ಕ್ರಿಯಾಪದವೋ, ಒಳ್ಳೆಯದನ್ನು ಹೇಳುತ್ತಿದೆಯೋ ಕೆಟ್ಟದ್ದನ್ನೋ, ಸುತ್ತಲಿನ ವಾಕ್ಯದಿಂದ ಅಷ್ಟು ಸಿಕ್ಕೇ ಸಿಗುತ್ತದೆ. ಅದಕ್ಕೆ ಹೊಂದುವ ಸಾಮಾನ್ಯ ಪದ ಹಾಕು. ಇಂಗ್ಲಿಷಿನ ಹಾಗೇ ಕಾಣುವ ಪದ ಬಂದರೆ ಮಾತ್ರ ಅನುಮಾನ ಪಡು. "ಅತ್ತುವಾಲ್ಮೆಂತೆ" ಅಂದರೆ ಈಗ, ಆಕ್ಚುಯಲಿ ಅಲ್ಲ. "ಎವೆಂತುವಾಲ್ಮೆಂತೆ" ಅಂದರೆ ಬೇಕಾದರೆ, ಇವೆಂಚುಯಲಿ ಅಲ್ಲ. "ಪರೆಂತಿ" ಅಂದರೆ ನೆಂಟರು. ಇವು ಎಲ್ಲ ವರ್ಷವೂ ಎಲ್ಲ ಉತ್ತರಪತ್ರಿಕೆಯಲ್ಲೂ ಜನರನ್ನು ಬೀಳಿಸುತ್ತವೆ.

ಮನೆಯ ಅಭ್ಯಾಸದಲ್ಲಿ, ಬರೆದ ಮೇಲೆ ಒಂದು ರಾತ್ರಿ ಬಿಡು. ಮರುದಿನ ಇಟಾಲಿಯನ್ ಮುಚ್ಚಿಟ್ಟು ನಿನ್ನ ಇಂಗ್ಲಿಷನ್ನು ಜೋರಾಗಿ ಓದು. ಎಡವಿದ ಕಡೆ ತಿದ್ದು. ಆಮೇಲೆ ಇಟಾಲಿಯನ್ ತೆಗೆದು, ತಿದ್ದುವಾಗ ಏನಾದರೂ ಕಳೆದುಹೋಯಿತೇ ಅಂತ ಸಾಲು ಸಾಲಾಗಿ ನೋಡು. ಈ ಕೊನೆಯ ಹೆಜ್ಜೆಯನ್ನು ತಪ್ಪಿಸಿದರೆ ಮತ್ತೆ "ಮೂಲದಲ್ಲಿಲ್ಲ" ಬರುತ್ತದೆ.

ಜೀರಿಗೆಮೆಣಸು

ಆ ಇತಿಹಾಸದ ವಾಕ್ಯಕ್ಕೆ ನಾನೂ ಕೈ ಹಾಕುತ್ತೇನೆ. ಟ್ರೆಕ್ಕಾನಿ ನಿಘಂಟು ಆನ್‌ಲೈನಿನಲ್ಲಿ ಉಚಿತವಾಗಿದೆ, ಅದನ್ನೇ ನೋಡಿದೆ. ನೊವೆಚೆಂತೊ ಅಂದರೆ ಒಂಬೈನೂರು. ಆದರೆ ಇಲ್ಲಿ ಸಾವಿರವನ್ನು ಬಿಟ್ಟು ಹೇಳಿದ್ದಾರೆ, ಸಾವಿರದ ಒಂಬೈನೂರರ ಶತಮಾನ. ಅಂದರೆ ಇಪ್ಪತ್ತನೇ ಶತಮಾನ, ಹತ್ತೊಂಬತ್ತನೆಯದಲ್ಲ. ಸರಿಯೇ?

ಅಡಿಟಿಪ್ಪಣಿ

ಸರಿ. ಕ್ವಾತ್ರೊಚೆಂತೊ ಹದಿನೈದನೇ ಶತಮಾನ, ಹಾಗೇ ಲೆಕ್ಕ. ಈ ಒಂದು ವಾಕ್ಯದಲ್ಲಿ ಇನ್ನೂ ಮೂರು ಕಡೆ ನಿಲ್ಲಬೇಕು. ಮೆದ್ಸೊಜೋರ್ನೊ ಅಂದರೆ ಮಧ್ಯಾಹ್ನವೂ ಹೌದು, ದಕ್ಷಿಣ ಇಟಲಿಯೂ ಹೌದು. ಇಲ್ಲಿ ದಕ್ಷಿಣ. ಪಯೇಸಿ ಅಂದರೆ ದೇಶಗಳೂ ಹೌದು, ಹಳ್ಳಿಗಳೂ ಹೌದು. ವಲಸೆ ಹೋಗಿ ಖಾಲಿಯಾದದ್ದು ಹಳ್ಳಿಗಳು. ಕನ್ನಡದ "ಊರು" ಹಾಕಿ ಓದಿ, ತಕ್ಷಣ ಗೊತ್ತಾಗುತ್ತದೆ. "ಸ್ವುವೋತ" ವರ್ತಮಾನ ಕಾಲದಲ್ಲಿದೆ. ಇಟಲಿಯವರು ಇತಿಹಾಸವನ್ನು ವರ್ತಮಾನದಲ್ಲಿ ಬರೆಯುವುದು ತುಂಬಾ ಸಾಮಾನ್ಯ. 1861ರಲ್ಲಿ ಇಟಲಿಯ ರಾಜ್ಯ "ಹುಟ್ಟುತ್ತದೆ" ಅಂತಾರೆ. ಇಂಗ್ಲಿಷ್ ಇತಿಹಾಸದ ಗದ್ಯಕ್ಕೆ ಭೂತಕಾಲವೇ ಒಗ್ಗುತ್ತದೆ. ಒಂದು ಸಲ ಭೂತಕಾಲ ಹಿಡಿದರೆ ಪ್ಯಾರಾ ಮುಗಿಯುವವರೆಗೂ ಬಿಡಬೇಡಿ.

ಹೇಮಾವತಿ_ತೀರ

"ಇನ್ ದ ಅರ್ಲಿ ಟ್ವೆಂಟಿಯತ್ ಸೆಂಚುರಿ, ಎಮಿಗ್ರೇಶನ್ ಎಂಪ್ಟೀಡ್ ಹೋಲ್ ವಿಲೇಜಸ್ ಇನ್ ಸದರ್ನ್ ಇಟಲಿ." ಹೀಗೆ ಬರೆದಿದ್ದೇನೆ. "ದ ಸೌತ್" ಅಂದರೆ ಇಂಗ್ಲೆಂಡಿನವರಿಗೆ ಯಾವ ದಕ್ಷಿಣ ಅಂತ ಗೊತ್ತಾಗುವುದಿಲ್ಲ ಅಂತ "ಸದರ್ನ್ ಇಟಲಿ" ಹಾಕಿದೆ. ಇಟಲಿ ಅನ್ನುವ ಪದ ಮೂಲದಲ್ಲಿ ಇಲ್ಲ. ಸೇರಿಸಿದ ಹಾಗಾಯಿತೇ?

ಪಾಠದಮನೆ

ಇಲ್ಲ. ಮೆದ್ಸೊಜೋರ್ನೊ ಅನ್ನುವ ಹೆಸರಿನೊಳಗೇ ಇಟಲಿ ಇದೆ, ಪಲಾತ್ಸೊ ಕೀಜಿಯೊಳಗೆ ಪ್ರಧಾನಿ ಇದ್ದ ಹಾಗೆ. ಮೊದಲ ಸಲ ಬಂದಾಗ "ಸದರ್ನ್ ಇಟಲಿ" ಇರಲಿ. ಮುಂದೆ ಮತ್ತೆ ಬಂದರೆ "ದ ಸೌತ್" ಸಾಕು. ಮುಂದಿನ ವಾಕ್ಯಗಳನ್ನೂ ಇಲ್ಲೇ ಹಾಕು, ನೋಡೋಣ.